ಮಿಂಚುಳ್ಳಿ

ಮಾವಿನಕೆರೆ ದಂಡೀಗೆ ಹೋಗೋ ರಸ್ತಾದಾಗ
ಜೆಸ್ಕಾಂ ಡಬ್ಬಿ ಒಂದು ನಿಂತದ, ನಂಬರು ನಲವತ್ತೊಂದು.
ಹದಿನಾರು ವರ್ಷದಿಂದ ಅದರ ಕೀಲಿಕೈ ನನ್ನ ಸೊಂಟದಾಗ.
ಬೂದಿ ಬಣ್ಣ. ಒಂದು ಮಗ್ಗಲಿಗೆ ಪಾನಿನ ಉಗುಳು,
ಇನ್ನೊಂದು ಮಗ್ಗಲಿಗೆ ಕೋಚಿಂಗ್ ಕ್ಲಾಸಿನ ಚೀಟಿ, ಅದರ ಮ್ಯಾಲ
ಮೂಲವ್ಯಾಧಿ ವೈದ್ಯರ ಚೀಟಿ, ಅದರ ಮ್ಯಾಲ
ಎಲೆಕ್ಷನ್ ಸೋತವರ ನಗು.
ನಾಯಿ ಸುದ್ದಾ ಅದರ ಗುರುತು ಇಟ್ಟಿದ್ದು
ಕಾಲೆತ್ತಲಿಕ್ಕೆ.

ಮೌಲಪ್ಪ ಬಂದದ್ದು ಮಾರ್ಚಿನಾಗ,
ರಾಯಚೂರಿನ ಬಿಸಿಲು ಚಪ್ಪಲಿ ದಾಟಿ ಅಂಗಾಲಿಗೆ ಹತ್ತೋ ಹೊತ್ತು.
ಫ್ಲೆಕ್ಸ್ ಬರೋಕಿಂತ ಮುಂಚೆ ಊರಿನ ಅರ್ಧ ಅಂಗಡಿ ಹೆಸರು
ಅವನ ಕೈಯಾಗ ಹುಟ್ಟಿದ್ವು.
'ನ್ಯೂ' ಅಂಬೋದನ್ನ ಅವ ಬರೆದಂಗ ಯಾರೂ ಬರೆದಿಲ್ಲ.
ಆ ನ್ಯೂ ಅಂಗಡಿ ಎಲ್ಲಾ ಈಗ ಮುಚ್ಚ್ಯಾವ.
ನಗರಸಭೆ ಡಬ್ಬಿಗೆ ಆರುನೂರು ಕೊಡ್ತದಂತ,
ಬಣ್ಣ ಅವರದು, ಕುಂಚ ಇವನದು.
"ಅಪಾಯ ಅಂತ ಬರೆದದ್ದು ಅಳಸಬ್ಯಾಡ" ಅಂದೆ.
ಅಳಸಲಿಲ್ಲ. ಬುರುಡೆಗೆ, ಕಿವಿ ಇರಬೇಕಾದಲ್ಲಿ,
ಒಂದು ಕಣಗಿಲ ಹೂ ಮುಡಿಸಿದ.

ಎರಡು ಕದದ ತುಂಬ ಮಿಂಚುಳ್ಳಿ.
ಕೊಕ್ಕು ಎಡಕ್ಕ, ಬಾಲ ಬಲಕ್ಕ.
ಕೆರಿಯ ನೀಲಿ ಅಲ್ಲ ಅದು, ಕೆರಿಯಾಗ ಆ ನೀಲಿ ಈಗಿಲ್ಲ.
"ಎಲ್ಲಿ ನೋಡಿದ್ಯೋ ಇದನ್ನ?"
"ಅವ್ವನ ಸ್ಟೌವಿನ ಉರಿಯಾಗ," ಅಂದ,
"ಸೀಮೆಎಣ್ಣಿ ಚೊಕ್ಕ ಇದ್ದ ದಿನ."

ಎದುರು ಮನಿ ಶಾಲಂಬಿ ಸುಮ್ಮನ ಕೂಡಲಿಲ್ಲ.
ಒಡೆದ ಪಿಂಗಾಣಿ ಇನ್ಸುಲೇಟರ್ ನಮ್ಮ ಸ್ಟೋರಿನಿಂದ ಕೇಳಿ ಒಯ್ದು
ತಲೆಕೆಳಗ ನಿಲ್ಲಿಸಿ, ಮಣ್ಣು ತುಂಬಿ, ಪುದೀನಾ ಹಚ್ಚಿದಳು.
ಕಂಬದ ಸ್ಟೇ ವೈರಿಗೆ ಬಸಳೆ ಹಬ್ಬಿಸಿದಳು.
ಬಳ್ಳಿ ಕಡಿಯೋದು ನನ್ನ ಕೆಲಸದ ಪಟ್ಟಿಯಾಗ ಅದ.
ತಿಂಗಳಿಗೊಮ್ಮೆ ಕಡೀತೀನಿ, ನನ್ನ ಎದಿ ಮಟಕ್ಕ.
ಕಡಿದದ್ದು ಆಕಿ ಬ್ಯಾಳ್ಯಾಗ ಬೀಳ್ತದ,
ಒಂದು ಬಟ್ಟಲು ಈ ಕಡೆ ಬರ್ತದ.
'ಬಳ್ಳಿ ತೆರವುಗೊಳಿಸಲಾಗಿದೆ' ಅಂತ ರಿಪೋರ್ಟ್ ಬರೀತೀನಿ.
ಸುಳ್ಳೇನಲ್ಲ.

ಎಲ್ಲಾರೂ ಚೆಂದ ಅಂದ್ರು. ನನ್ನ ನಿದ್ದಿ ಹೋತು.
ಬೂದಿ ಡಬ್ಬಿ ಹತ್ರ ಯಾವ ಕೂಸೂ ಬರ್ತಿದ್ದಿಲ್ಲ.
ಈಗ ಅಂಗನವಾಡಿ ಬಿಟ್ಟ ಕೂಡಲೇ ಶಾಲಂಬಿ ಮೊಮ್ಮಗಳು
ಹಕ್ಕಿ ಹೊಟ್ಟಿಗೆ ಅಂಗೈ ಇಟ್ಟು ನಿಲ್ತಾಳ,
ಉಸಿರಾಡ್ತದೇನು ಅಂತ.
ಒಳಗ ನಾನೂರಾ ನಲವತ್ತು.
ಮಳಿಗಾಲ ಎಂಟು ದಿನ ದೂರ.
ಸಾಲಿ ಮಾಸ್ತರ ಒಬ್ಬ ನಿಂತು ಕೇಳಿದ, "ಇದರ ಅರ್ಥ ಏನು?"
"ಅರ್ಥೇ ಸರಿ ಇಲ್ಲ ಸಾರ್," ಅಂದೆ, "ನಾಳೆ ಹಾಕ್ತೀನಿ."

ಲೈನ್ ಕ್ಲಿಯರ್ ತಗೊಂಡು, ಡಬ್ಬಿ ಬುಡಕ್ಕ
ಎದಿಯುದ್ದ ತಗ್ಗು ತೋಡಿದೆ.
ಇದ್ದಿಲು ಒಂದು ಪದರ, ಉಪ್ಪು ಒಂದು ಪದರ, ನಡುವ ತಾಮ್ರ.
ಪುದೀನಾ ಎರಡು ಗೇಣು ಆಚೆ ಸರಿಸಿದೆ,
ಉಪ್ಪಿಗೂ ಬೇರಿಗೂ ಆಗಿಬರೂದಿಲ್ಲ.
"ದಿನಾ ಒಂದು ಕೊಡ ಇಲ್ಲಿ ಹಾಕು, ನೆಲ ಒಣಗಬಾರದು."
ಗಿಡಕ್ಕ ಹಾಕಿದಂಗ ಹಾಕ್ತಾಳ ಶಾಲಂಬಿ.
ಅಲ್ಲಿ ಏನೂ ಬೆಳೆಯೂದಿಲ್ಲ.

ಅವತ್ತು ಉಪ್ಪು ಸಾಲದೆ ಕಿರಾಣಿಗೆ ಹೋಗಿದ್ದೆ.
ಬರೋದ್ರಾಗ ಮೌಲಪ್ಪ ಡಬ್ಬಿ ಮುಂದ ಕುಂತಾನ,
ಕದ ಅರ್ಧ ತೆರೆದದ.
"ಮುಟ್ಟಬ್ಯಾಡ" ಅಂದ, ನನಗೇ,
"ಹಸಿ ಅದ. ನಾ ಮುಚ್ಚತೀನಿ."

ಮೊನ್ನಿ ರಾತ್ರಿ ಒಂದೂವರಿಗೆ ಫ್ಯೂಜ್ ಹೋತು.
ಮಳಿ ಬಂದು ನಿಂತಿತ್ತು. ಓಣಿ ತುಂಬ
ಬೀಸಣಿಗಿ ಸಪ್ಪಳ, ಕೂಸಿನ ಅಳು, ನನ್ನ ಹೆಸರಿನ ಬೈಗುಳ.
ಹಲ್ಲಾಗ ಟಾರ್ಚ್ ಕಚ್ಚಿ ಕೀಲಿ ತಿರುವಿದೆ.
ಮಿಂಚುಳ್ಳಿ ನಡುವಿಗೆ ಸೀಳಿತು, ಯಾವತ್ತಿನಂಗ.
ಎಡಗದದ ಒಳಮೈಗೆ, ಕೊಕ್ಕಿನ ಸರೀ ಹಿಂದ,
ಬೆರಳುದ್ದದ ಮೀನು.
ಕಣ್ಣು ತೆರೆದದ. ಬಾಲ ಇನ್ನೂ ಬಡೀತದ.

ಮಾಡಿ ಮ್ಯಾಲಿಂದ ಯಾರೋ ಒದರಿದ್ರು,
"ಎಷ್ಟೊತ್ತೋ ಮಾರಾಯಾ, ಏನ್ ಸಿಕ್ತು?"
ಬಾಯಾಗ ಟಾರ್ಚ್ ಇತ್ತು,
ಉತ್ತರ ಕೊಡಲಿಕ್ಕೆ ಆಗಲಿಲ್ಲ.