ಬೊಳ್ಳಿ, ಆರು ತುಂಡು

ಗೋಣಿಕೊಪ್ಪದಲ್ಲಿ, ಕರಿಮೆಣಸಿನ ಗೋಡೌನಿನ ಮೇಲೆ
ನನ್ನ ಮೇಜು. ಕೆಳಗೆ ಮೂಟೆ ಇಳಿದಾಗೆಲ್ಲ ಸೀನು.
ತೇವ ಹನ್ನೊಂದು ಎಂದು ಚೀಟಿ ಬರೆದು ತಂದರೂ
ಮೊಣ್ಣಪ್ಪ ಮೂಟೆಗೆ ಕೊಳವೆ ಚುಚ್ಚುತ್ತಾನೆ,
ಹಿಡಿ ಕಾಳು ಮೀಟರಿಗೆ ಸುರಿದು ಮತ್ತೆ ನೋಡುತ್ತಾನೆ.
ಬೈಯುವವರು ಬೈಯಲಿ. ನಾನು ಕೆಲಸ ಕಲಿತದ್ದು ಅಲ್ಲೇ.

ಕೂಲಿಯ ಫಾರಂ ಬರೆದವಳು ನಾನು.
ಪರದೆಯ ಮೇಲಿನ ಹಸಿರು ಗುರುತು
ತುಂಬುವವರ ಸಮಾಧಾನಕ್ಕೆ, ಅಷ್ಟೆ.
ಹೊರಟ ಮೇಲೂ ದಾರಿಯಲ್ಲಿ ತಿದ್ದಬಹುದು.
ಅದಕ್ಕೇ ಸರ್ವರಿನ ಬಾಗಿಲಲ್ಲಿ ಮತ್ತೆ ಕೇಳುತ್ತೇನೆ:
ತೂಕ ಎಷ್ಟು, ದರ ಎಷ್ಟು, ಗುಣಿಸು.
ಹೆಸರು? ಅಕ್ಷರ ಮಾತ್ರ.

ಜನವರಿ, ಶನಿವಾರ. ಸಿದ್ದಾಪುರದಿಂದ ಸುಹರಾಳ ಫೋನು:
"ನಿನ್ನ ಫಾರಂ ಇಲ್ಲಿ ಹಸಿರು, ಅಲ್ಲಿಗೆ ಹೋಗಿ ಕೆಂಪು.
ಹೆಸರಲ್ಲಿ ಅಕ್ಷರ ಮಾತ್ರ ಇರಲಿ ಅಂತದೆ.
ಅಕ್ಷರ ಅಲ್ಲದೆ ಇವಳ ಹೆಸರಲ್ಲಿ ಇನ್ನೇನಿದೆ, ಕಲ್ಲಾ?"
ಇಂಗ್ಲಿಷಲ್ಲಿ ಹೊಡಿ ಎಂದೆ.
"ಒಪ್ಪಲ್ಲ. ರಾತ್ರಿ ಶಾಲೆಗೆ ಹೋಗ್ತಾಳಂತೆ.
ಚೀಟಿ ತಾನೇ ಓದಬೇಕಂತೆ."

ಲಾಗ್ ತೆರೆದೆ. ಬೊಳ್ಳಿ.
ಕಣ್ಣಿಗೆ ಎರಡು, ಸರ್ವರಿಗೆ ಆರು ತುಂಡು:
ಬಕಾರ, ಒತ್ವ, ಳಕಾರ,
ಎರಡನ್ನು ಬೆಸೆಯುವ ಕಾಣದ ಕೊಕ್ಕೆ,
ಮತ್ತೊಂದು ಳಕಾರ, ಗುಡಿಸು.
ನನ್ನ ನಿಯಮಕ್ಕೆ ಇದರಲ್ಲಿ ಮೂರೇ ಅಕ್ಷರ,
ಉಳಿದದ್ದು ಕಸ.
ಕಾಗುಣಿತ ತಪ್ಪಿ ಮೂರನೇ ಕ್ಲಾಸಿನಲ್ಲಿ
ಬೆಂಚು ಹತ್ತಿ ನಿಂತವಳು ಬರೆದ ನಿಯಮ.

ಹನ್ನೊಂದು ಸಾಲು ಕೆಳಗೆ ಇನ್ನೊಂದು ಕೆಂಪು.
ಅದೇ ಬೊಳ್ಳಿ, ಇಂಗ್ಲಿಷಿನಲ್ಲಿ, ಮೇಸ್ತ್ರಿಯ ಫೋನಿನಿಂದ.
ಹಣ್ಣು ನಾನೂರ ಹನ್ನೆರಡು ಕಿಲೋ, ದರ ಆರು,
ಮೊತ್ತ ಸಾವಿರದ ಎಂಟುನೂರ ಎಪ್ಪತ್ತೆರಡು.
ಪುಟವೇ ಲೆಕ್ಕ ಹಾಕುವ ಜಾಗ ಅದು, ಬೆರಳು ಹೋಗದ ಜಾಗ.
ಯಾರೋ ಒಳಗೆ ಕೈ ಹಾಕಿದ್ದಾರೆ.
ಸರ್ವರ್ ಗುಣಿಸಿ ನೋಡಿ
ಆರುನೂರು ಎಲ್ಲಿ ಎಂದು ತಿರುಗಿಸಿ ಕಳಿಸಿದೆ.

ಹಿಗ್ಗಬೇಕಿತ್ತು. ಅದೂ ನಾನೇ ಬರೆದದ್ದು,
ಇದೂ ನಾನೇ ಬರೆದದ್ದು.

ತಿದ್ದಿದೆ. ಒಂದೇ ಸಾಲು, ಟೀ ಆರುವ ಮೊದಲು.
ಸಂಜೆ ಸುಹರಾ ಹೇಳಿದಳು:
ಬೊಳ್ಳಿ ಚೀಟಿ ಹಿಡಿದು, ಕಾಫಿ ಹಣ್ಣಿನ ಕಲೆಯ ಬೆರಳು
ಒತ್ತಿನ ಕೆಳಗಿಟ್ಟು, ಹೆಸರು ಓದಿದಳಂತೆ.
ಮೊತ್ತವನ್ನು ಇವಳಿಂದ ಓದಿಸಿದಳಂತೆ.
ಆಮೇಲೆ ಬಸ್ ಸ್ಟ್ಯಾಂಡಿಗೆ ಹೋಗಿ
ಗುರುತಿಲ್ಲದ ಒಬ್ಬ ಹುಡುಗನ ಕೈಗೆ ಕೊಟ್ಟು
ಮತ್ತೊಮ್ಮೆ ಓದಿಸಿದಳಂತೆ.