ಖೋಲಿ ಎರಡು, ಕೋಳಿ ಒಂದು

ಕಸ್ತೂರಿ ಬದಾಮಿಗೆ ಹೋಗ್ಯಾಳ.
ಅಂಗನವಾಡಿ ತರಬೇತಿ, ನಾಳೆ ಸಂಜಿ ಬಸ್ಸಿಗೆ ಬರತಾಳ.
ಹೊರಖೋಲಿಯ ಹೊರಸಿನ ಮ್ಯಾಲ
ಮಾವ ಮಾರ್ಕಂಡಪ್ಪ,
ಕಣ್ಣಿನ ಆಪರೇಷನ್ ಆಗಿ ಒಂಬತ್ತನೇ ದಿನ,
ಕರಿ ಕನ್ನಡಕ, ಕೈಯಾಗ ಆರಿದ ಚಹಾ.
ಒಲಿ ಹಂತ್ಯಾಕ ಸುಳೀಬ್ಯಾಡ್ರಿ ಅಂದಾರ ಡಾಕ್ಟರು,
ಹೊಗಿ, ಘಾಟು, ಒಗ್ಗರಣಿ ಏನೂ ತಾಗಬಾರದು.

ನಾನು ಒಳಖೋಲ್ಯಾಗ.
ನಡುವ ಒಂದು ಹಳೆ ಸೀರಿಯ ಪರದೆ,
ಮತ್ತ ಹದಿನಾಕು ತಿಂಗಳ ಮಾತಿಲ್ಲದ್ದು.

ಆಗಿದ್ದಿಷ್ಟ:
ಗುಳೇದಗುಡ್ಡದ ನಮ್ಮ ಅಂಗಡ್ಯಾಗ
ನಾಕು ಮಂದಿ ಗಿರಾಕಿ ಮುಂದ ಬಾಯಿ ಜಾರಿ ಅಂದಿದ್ದೆ:
"ಮಾವಾರ, ನಿಮ್ಮ ಖಣ ಬಣ್ಣ ಬಿಡತೈತಿ."
ಕುಣಿಮಗ್ಗದಾಗ ಕಾಲಿಳಿಸಿ ಐವತ್ತು ವರ್ಷ ಕೂತ ಮನಿಷಾ
ಗಂಟು ಕಟ್ಟಿಕೊಂಡು ಎದ್ದು ಹೋದ.
ಆಮ್ಯಾಲ ನನ್ನ ಹೆಸರು ಅವನ ಬಾಯಿಗೆ ಬಂದಿಲ್ಲ.

ಕೋಳಿ ತಂದೀನಿ, ಒಂದು ಕಿಲೋಕ್ಕ ತುಸು ಜಾಸ್ತಿ,
ಅರಿಷಿಣ ಹಚ್ಚಿ ಮುಚ್ಚಿ ಇಟ್ಟೀನಿ.
ಕಸ್ತೂರಿ ಮಾಡೋದ ಹನ್ನೊಂದು ವರ್ಷ ನೋಡೀನಿ,
ಈಗ ತಿಳೀತು, ನೋಡೇ ಇಲ್ಲ.

"ಹೇಳು ನಿಮ್ಮಪ್ಪಗ,
ಉಳ್ಳಾಗಡ್ಡಿ ಸುಟ್ಟು ಅರೀಬೇಕು."
ಸಿಂಚನಾ ಓಡಿ ಬರತಾಳ, ಆರೇ ಹೆಜ್ಜಿ.
"ಅಪ್ಪಾ, ಸುಡಬೇಕಂತ."
"ಹೇಳು ನಿಮ್ಮಜ್ಜಗ, ಸುಡಾಕತ್ತೀನಂತ."
"ಅಜ್ಜಾ, ಸುಡಾಕತ್ತಾನಂತ."
ಪರದೆ ಅಲ್ಲಾಡತೈತಿ, ಮಾತು ದಾಟತೈತಿ.
"ಹೇಳು ನಿಮ್ಮಪ್ಪಗ, ಒಣಕೊಬ್ಬರಿ ಕರ್ರಗಾಗಬಾರದು,
ಬೆಲ್ಲದ ಬಣ್ಣಕ್ಕ ಬಂದಾಗ ಇಳಸಂತ."
"ಅಪ್ಪಾ, ಕೊಬ್ಬರಿಗೆ ಬೆಲ್ಲ ಹಾಕಂತ.
ಮತ್ತ ನನಗ ಒಂದು ಬಿಸ್ಕೀಟು ಕೊಡಂತ."

ಎಳ್ಳು, ಗಸಗಸಿ, ನಾಕು ಲವಂಗ, ಚಕ್ಕಿ ಚೂರು,
ಬೆಳ್ಳುಳ್ಳಿ ಒಂದು ಇಡೀ ಗಡ್ಡಿ.
ಮಿಕ್ಸರ್ ಒದರಿ ನಿಂತಿತು.
ಬೊಗಾಣ್ಯಾಗ ಶೇಂಗಾಎಣ್ಣಿ ಕಾಯ್ದು
ಅರದದ್ದು ಬೀಳೂದ ತಡ,
ಚುರ್ ಅಂದು ಮನಿ ತುಂಬ ಘಮ, ನನ್ನ ಮೂಗಿನ ತುಂಬ ಸೀನು.
ಹೊರಗಿಂದ ಒಂದು ಕೆಮ್ಮು,
ಬೇಕಂತ ಕೆಮ್ಮಿದ್ದು.

ಲಿಂಬಿಹಣ್ಣು ಇಲ್ಲ ಅಂತ ನೆನಪಾಗಿ
ಸಿಂಚನಾಗ ಹತ್ತು ರೂಪಾಯಿ ಕೊಟ್ಟು ಕಳಿಸಿದೆ.
ಹಾದ್ಯಾಗ ಯಾರದೋ ಆಡು ಮರಿ ಹಾಕಿತ್ತು,
ಅಕಿ ಅಲ್ಲೇ ನಿಂತಳು.

"ಹೇಳು ನಿಮ್ಮಪ್ಪಗ, ಉಪ್ಪು..."
ಅಂದ ಮಾವ, ಹೊರಖೋಲಿಯಿಂದ.
ಒಯ್ಯಾಕ ಯಾರೂ ಇಲ್ಲ.
ಮಾತು ಪರದೆಗೆ ಬಡದು ಅಲ್ಲೇ ಜೋತಾಡಿತು.
ನನಗ ಕೇಳಿತ್ತು.
ನನಗ ಕೇಳಿದ್ದು ಅವಗೂ ಗೊತ್ತಿತ್ತು.
ಸೌಟು ತಿರುವುತ್ತ ನಿಂತೆ,
ತಿರುವೂದು ಬ್ಯಾಡಾಗಿದ್ದರೂ.

ಹೊರಸು ಕಿರ್ ಅಂತು.
ಪರದೆ ಸರಿಸಿ ಬಂದ, ಗ್ವಾಡಿ ಹಿಡಕೊಂಡು.
ಕನ್ನಡಕ ಹಣಿಗೇರಿಸಿ
ಬೊಗಾಣಿ ಮ್ಯಾಲ ಬಾಗಿದ,
ಎಳಿ ಎಣಿಸೋವನ ಹಂಗ.
ಹೊಸ ಕಣ್ಣು. ನೀರಾಡತಿತ್ತು, ಘಾಟಿಗೆ.
ಅಂಚಿನ ಸುತ್ತ ಎಣ್ಣಿ ಮೆಲ್ಲಕ ಏಳತಿತ್ತು,
ಬ್ಯಾಡಗಿ ಕೆಂಪು, ಮದಿವಿ ಖಣದ ಕೆಂಪು.

"ಬಣ್ಣ ಬಿಟ್ಟೈತಿ ನೋಡು," ಅಂದ.

ಅಂದವನ ಬಾಯಿ ಅರ್ಧ ತೆರೆದ ಉಳೀತು.
ನನ್ನ ಕೈಯಾಗಿನ ಸೌಟೂ ನಿಂತಿತು.
ಕುದಿಯೂದೊಂದ ಕೇಳತಿತ್ತು.

"ಹೂಂ ಮಾವಾರ."

"ಈಗ ನೀರ ಹಾಕು. ತಣ್ಣೀರಲ್ಲ, ಬಿಸಿನೀರ."

ಹಾಕಿದೆ.
ಅಂವ ಕೆಳಗ ಕೂತು
ಮುಷ್ಟಿಲೆ ಉಳ್ಳಾಗಡ್ಡಿ ಗುದ್ದಿ ಒಡದ,
ಮೆಂತೆಸೊಪ್ಪಿನ ಎಲಿ ಬಿಡಿಸಿ ನೀರಾಗ ಅದ್ದಿ ಝಾಡಿಸಿದ,
ಸವತಿಕಾಯಿಯ ತುದಿ ಕೊಯ್ದು ತಿಕ್ಕಿ ಕಹಿ ತಗದ.
ಖಾನಾವಳಿಯಿಂದ ತಂದ ಖಡಕ್ ರೊಟ್ಟಿ,
ಶೇಂಗಾ ಹಿಂಡಿ, ಗಡಿಗಿಯ ಮೊಸರು, ಒಂದೀಟು ಅನ್ನ.
ಒಂದೇ ಲಿಂಬಿಹಣ್ಣು ಹಿಡಕೊಂಡು ಬಂದಳು ಸಿಂಚನಾ.
ಇನ್ನೊಂದು ಎಲ್ಲಿ ಅಂದ್ರ, ಆಡು ಮೂಸಿ ನೋಡಿತಂತ.

ಉಂಡೆವು.
ರೊಟ್ಟಿ ಮುರಿಯೋ ಸಪ್ಪಳ,
ರಸ ಸುರಿಯೋ ಸಪ್ಪಳ.
ಮಾವನ ಬಿಳಿ ಬನೀನಿನ ಎದಿ ಮ್ಯಾಲ ಒಂದು ಹನಿ ಬಿತ್ತು,
ಒರಸಿಕೊಳ್ಳಲಿಲ್ಲ.
ಸಿಂಚನಾ ನಡುವ ಕೂತು ಇಬ್ರ ಮಾರಿ ನೋಡಿ,
"ಅಜ್ಜಾ, ಅಪ್ಪಗ ಏನ ಹೇಳಲಿ?" ಅಂದಳು.
"ಏನಿಲ್ಲ. ನೀ ಉಣ್ಣು."

ಆಗ ಬದಾಮಿಯಿಂದ ಫೋನ್.
"ಏನ ಮಾಡೀರಿ ಊಟಕ್ಕ?"
ನಾ ಕೈ ತೊಳಕೊಳ್ಳೂದ್ರಾಗ
ಸಿಂಚನಾ ಕಿವಿಗೆ ಹಚ್ಚಿಕೊಂಡಿದ್ದಳು:
"ಕೋಳಿ ಸಾರು, ಅವ್ವಾ.
ಉಪ್ಪ ಹಾಕಿಲ್ಲ.
ಇಬ್ರೂ ಹೇಳವಲ್ರು."