ಹಗ್ಗ ಹಿಡಿದವನು

ನಲವತ್ತು ವರ್ಷ ಬಾವಿಯ ಬಾಯಲ್ಲಿ ಕೂತು
ರಾಟೆ ತಿರುಗಿಸಿದವನು ನಾನು.
ಕೆಳಗೆ ಖೊದಾದಾದ್, ಅಕ್ಕನ ಗಂಡ,
ಯಜ್ದ್ ಮರಳುಗಾಡಿನ ಅಡಿಗೆ
ಅಜ್ಜಂದಿರ ಅಜ್ಜಂದಿರು ಕೊರೆದ ಸುರಂಗದಲ್ಲಿ
ಕುಕ್ಕರಗಾಲಲ್ಲಿ ಹೂಳು ತೋಡುತ್ತಾ
ನೀರಿಗೆ ದಾರಿ ಬಿಡಿಸುತ್ತಿದ್ದ.
ಹಗ್ಗ ಎರಡು ಸಲ ಜಗ್ಗಿದರೆ: ಮಣ್ಣೆತ್ತು.
ಮೂರು ಸಲ: ನನ್ನನ್ನೆತ್ತು.

ಮಂಗಳವಾರ ಜಗ್ಗಲೇ ಇಲ್ಲ.
ಇಳಿದು ನೋಡಿದರೆ ಗೋಡೆಗೊರಗಿದ್ದಾನೆ,
ಆ ತಂಪಿನಲ್ಲೂ ಮುಖವೆಲ್ಲ ಬೆವರು.
'ಕುಸಿದದ್ದು ಇಲ್ಲಲ್ಲ' ಅಂದ,
ಎದೆ ಮುಟ್ಟಿಕೊಂಡು, 'ಇಲ್ಲಿ.'

ನಾವು ಇಳಿಯುವುದು ಬಿಳಿ ಬಟ್ಟೆಯಲ್ಲಿ.
ಮಣ್ಣು ಮುಚ್ಚಿದರೆ ಬೇರೆ ಕಫನು ಹುಡುಕಬೇಕಿಲ್ಲ.
ಆಸ್ಪತ್ರೆಯಲ್ಲಿ ಅದನ್ನು ಬಿಚ್ಚಿ ನೀಲಿ ತೊಡಿಸಿದರು.
ಅಕ್ಕ ಆ ನೀಲಿ ನೋಡಿದ ಮೇಲೇ
ಕುರ್ಚಿಯ ಮೇಲೆ ಕೂತದ್ದು.

ಡಾಕ್ಟರ್ ಮಹ್ವಶ್ ಪರದೆಯಲ್ಲಿ ತೋರಿಸಿದಳು.
ಮುಂಗೈ ನಾಡಿಯಿಂದ ತಂತಿ ತೂರಿಸಿದ್ದು,
ಪುಟ್ಟ ಬಲೂನು ಉಬ್ಬಿಸಿದ್ದು,
ಬಲೆಯಂಥ ಕೊಳವೆ ಕೂರಿಸಿದ್ದು.
'ಸಡಿಲ ಮಣ್ಣಿಗೆ ನಾವು ಕೊಡುವ
ಸುಟ್ಟ ಮಣ್ಣಿನ ಬಳೆ' ಅಂದ ಇವನು,
ಸರೀಕನನ್ನು ಕಂಡವನ ಹಾಗೆ.

'ಹಾರ್ಟ್ ಅಟ್ಯಾಕ್ ತಂದ ರಕ್ತನಾಳಕ್ಕೆ
ನಾವು ಅಪರಾಧಿ ಅನ್ನುತ್ತೇವೆ' ಅಂದಳು.
ಇವನಿಗೆ ನಗು.
'ಸುರಂಗವನ್ನು ನಾವೂ ಕೊಲೆಗಾರ ಅಂತಲೇ ಕರೆಯುವುದು.
ನನ್ನಪ್ಪ ಇನ್ನೂ ಅದರ ಹೊಟ್ಟೆಯಲ್ಲಿದ್ದಾನೆ.'

ಇನ್ನೆರಡು ನಾಳ ಕಿರಿದಾಗಿವೆಯಂತೆ.
ಒಂದರಲ್ಲಿ ಮುಕ್ಕಾಲು ಮುಚ್ಚಿದೆ.
ಮಾತ್ರೆ ನುಂಗಿ ಕಾಯಬಹುದು,
ಹತ್ತು ದಿನ ಬಿಟ್ಟು ಮತ್ತೆ ಒಳಹೊಕ್ಕು ತೆರೆಯಬಹುದು.
ಮೂತ್ರಪಿಂಡ ಸ್ವಲ್ಪ ಸೋತಿದೆ, ಯೋಚಿಸಿ.

'ಒಂದು ಕುಸಿತ ತೆಗೆದು ಮೇಲೆ ಬಂದು
ಚಹಾ ಕುಡಿಯುವವನು ಕೆಲಸಗಾರನಲ್ಲ.
ಮುಂದಕ್ಕೂ ತೆವಳಿ ಗೋಡೆ ಬಡಿದು ನೋಡಬೇಕು'
ಎಂದು ಅವಳೆದುರು ಜೋರಾಗಿಯೇ ಹೇಳಿದ.

ರಾತ್ರಿ, ಎಲ್ಲ ಮಲಗಿದ ಮೇಲೆ, ನನ್ನ ಕಿವಿಯಲ್ಲಿ:
'ಇಳಿಯುವುದಕ್ಕೆ ಎಂದೂ ಹೆದರಿಲ್ಲ ಕಣೋ.
ಆದರೆ ಈ ಸಲ ಇಳಿಯುವವಳು ಅವಳು.
ನಾನು ಬರೀ ನೆಲ.'

ಹತ್ತನೇ ದಿನ. ಗಾಲಿಮಂಚ ತಳ್ಳುತ್ತಿದ್ದಾರೆ.
ನನಗೆ ಅಂಗೈ ಖಾಲಿ, ಎಲ್ಲಿಡಬೇಕೋ ತಿಳಿಯದು.
ಬಾಗಿಲ ಹತ್ತಿರ ಅವನ ಕೈ ಹೊರಬಂತು,
ನನ್ನ ಕಿರುಬೆರಳು ಹುಡುಕಿ ಹಿಡಿದು
ಜಗ್ಗಿತು,

ಎರಡು ಸಲ.
ಮೂರನೆಯದಕ್ಕೆ ಕಾದೆ.
ಇಲ್ಲ, ಎರಡೇ.